ಮೂರನೆಯ ಮಾತು

ಥಾರ್ಸ್‌ಬಿ, ಲಿಂಕನ್‌ಶೈರ್
2 ಫೆಬ್ರವರಿ 2020, ಭಾನುವಾರ

ಪ್ರಿಯ ಬೆರಿಲ್,

ಶುಕ್ರವಾರ ನಮ್ಮ ದೇಶ ಯುರೋಪಿನ ಒಕ್ಕೂಟದಿಂದ ಹೊರಬಂತು. ಮರುದಿನ ಬೆಳಿಗ್ಗೆ ನೋಡಿದರೆ ಕೋಸಿನ ಹೊಲಗಳು ಇದ್ದಲ್ಲೇ ಇದ್ದವು.

ಗುರುವಾರ ಅಭ್ಯಾಸಕ್ಕೆಂದು ಚರ್ಚಿಗೆ ಹೋದಾಗ ಪಬ್ಬಿನ ಡೆರೆಕ್ ಗೋಪುರದ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ. "ನಾರ್ಮನ್, ನಾಳೆ ಒಂದ್ ಹತ್ತು ನಿಮಿಷ ಆರೂ ಗಂಟೆ ಬಾರಿಸಿಬಿಡಪ್ಪ, ಗೆದ್ದಿದೀವಲ್ಲ" ಎಂದ. ನಮ್ಮ ಗಂಟೆ ತಂಡದ ಯಜಮಾನ ನಾರ್ಮನ್ ಕೋಟಿನ ಗುಂಡಿ ಬಿಚ್ಚುತ್ತಲೇ ಹೇಳಿದ, "ಇವು ಮದುವೆಗೂ ಬಾರಿಸ್ತವೆ, ಹೆಣಕ್ಕೂ ಬಾರಿಸ್ತವೆ. ಇದು ಎರಡರಲ್ಲಿ ಯಾವ್ದು ಅಂತ ಊರೆಲ್ಲ ಒಪ್ಪಿದ ದಿನ ಬಾ, ಬಾರಿಸ್ತೀನಿ. ಆರು ಎಲ್ಲಿ ಬಂತು, ಐದೇ ಈಗ."

ಹೌದು, ಐದೇ. ನನ್ನ ಕೀತ್ ತೀರಿಹೋಗಿ ನಾಲ್ಕು ತಿಂಗಳಾದರೂ ದೊಡ್ಡ ಗಂಟೆ ಎಳೆಯುವವರು ಸಿಕ್ಕಿಲ್ಲ. ಅವನ ಹಗ್ಗವನ್ನು ಸುತ್ತಿ ಮೊಳೆಗೆ ಹಾಕಿದ್ದೇವೆ. ನಾನು ಅದರ ಕಡೆ ಬೆನ್ನು ಹಾಕಿ ನಿಲ್ಲುತ್ತೇನೆ.

ನಿನ್ನ ಮೊದಲ ಗಂಟೆ ಈಗ ವಿಲ್ಮಳದು. ತರಕಾರಿ ಶೆಡ್ಡಿನ ವಿಲ್ಮ, ಲಿಥುವೇನಿಯದವಳು, ನಿನಗೆ ಹಿಂದೆ ಬರೆದಿದ್ದೆ. ಹಾಗಾಗಿ ಶುರುವಿನ ಮೂರು ಮಾತನ್ನೂ ಅವಳೇ ಹೇಳಬೇಕು. ಎಲ್ಲರೂ ಹಗ್ಗ ಹಿಡಿಯಲೆಂದು "ನೋಡ್ಕೊಳ್ಳಿ", ಗಂಟೆಯನ್ನು ಅಲುಗಿಸುವಾಗ "ಹೊರಟಳು", ತಲೆಕೆಳಗಾಗಿ ನಿಂತ ಗಂಟೆ ಸಮತೋಲದ ಅಂಚು ದಾಟಿ ಬೀಳುವಾಗ "ಹೋದಳು". ಮೊದಲೆರಡನ್ನು ಚೆನ್ನಾಗಿ ಹೇಳುತ್ತಾಳೆ, ಮೂರನೆಯದು ತಡವಾಗುತ್ತದೆ. ನಾರ್ಮನ್ ಗೊಣಗುತ್ತಾನೆ, "ನೀನು ಹೇಳಿದ್ರೂ ಹೇಳದಿದ್ರೂ ಗಂಟೆ, ಅವಳು ಹೋಗಾಯ್ತು ಕಣಮ್ಮ. ಮತ್ತೆ ಹಿಡಿಯಕ್ಕಾಗಲ್ಲ."

ಅಲ್ಲಿಗೇ ಬಂದು ಇದ್ದುಬಿಡು ಎಂದು ಕ್ರಿಸ್ಮಸ್ ಕಾರ್ಡಿನಲ್ಲಿ ನೀನು ಕರೆದದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಬರಬೇಕು ಎಂದು ಅನ್ನಿಸುತ್ತದೆ. ಆದರೆ ನಾನು ಬಂದರೆ ಇಲ್ಲಿ ನಾಲ್ಕಾಗುತ್ತದೆ. ನಾಲ್ಕೇ ಗಂಟೆಗಳಲ್ಲಿ ರಾಗ ಹತ್ತುವುದಿಲ್ಲ ಎಂದು ಕಲಿಸಿದವಳು ನೀನೇ.

ನಿನ್ನ
ಲಿನೆಟ್


ಸೊಬ್ರೆಯಲ್, ಪೋರ್ಚುಗಲ್
24 ಫೆಬ್ರವರಿ 2020

ಲಿನೆಟ್,

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ಹೊಸ ಪೆನ್ನು. ದಪ್ಪಗೆ ಬರೆಯುತ್ತದೆ.

ವಿಷಯ ಸರಳ. ಡಿಸೆಂಬರ್ 31ರೊಳಗೆ ನೀನು ಇಲ್ಲಿ ವಾಸಕ್ಕೆ ಬಂದಿರಬೇಕು. ಪುರಸಭೆಯ ಕಚೇರಿಗೆ ಪಾಸ್‌ಪೋರ್ಟ್ ಹಿಡಿದು ಹೋದರೆ ಒಂದು ಕಾಗದ ಕೊಡುತ್ತಾರೆ. ನಾನು ಹೋದಾಗ ಕಾಫಿ ಆರುವಷ್ಟು ಹೊತ್ತೂ ಆಗಲಿಲ್ಲ. ಆ ಕಾಗದ ಇದ್ದರೆ ಸಾಯುವ ತನಕ ಇರಬಹುದು. ಜನವರಿ ಒಂದಕ್ಕೆ ಬಂದೆಯೋ, ನೀನು ಪ್ರವಾಸಿ. ತೊಂಬತ್ತು ದಿನ ಇದ್ದು ಎದ್ದು ಹೋಗಬೇಕು, ಮತ್ತೆ ತೊಂಬತ್ತು ದಿನ ಕಾಯಬೇಕು. ಬೇರೆ ದಾರಿ ಇದೆ, ಆದರೆ ಅದಕ್ಕೆ ಕೂತು ತಿನ್ನುವಷ್ಟು ವರಮಾನ ತೋರಿಸಬೇಕು. ಶಾಲೆಯಲ್ಲಿ ಅಡುಗೆ ಮಾಡುವವಳಿಗೆ ಅದು ಎಲ್ಲಿಂದ ಬರಬೇಕು? ಗಂಡನ ಅಕ್ಕ ಎಂಬ ನೆಂಟಸ್ತಿಕೆಗೆ ಅವರ ಪಟ್ಟಿಯಲ್ಲಿ ಜಾಗ ಇಲ್ಲ. ಕೇಳಿ ನೋಡಿದೆ.

ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದೆ. ಕೀತ್ ಕೂರಿಸಿದ ಕಿಟಕಿ ಇನ್ನೂ ಬಿಗಿಯಾಗಿದೆ. ಅರವತ್ತಾದ ಮೇಲೆ ಆ ಕಿಟಕಿಯಲ್ಲೇ ಕೂರುತ್ತೇನೆ ಎನ್ನುತ್ತಿದ್ದ. ನಾನು ಈಗ ಕೆಳಗೇ ಮಲಗುತ್ತೇನೆ, ಬೇಸಿಗೆಗೆ ತಂಪು.

ಪಕ್ಕದ ಮನೆಯ ದೊನ ಲುಸಿಂಡ ದಿನಾ ಕೇಳುತ್ತಾಳೆ, "ನಿನ್ನ ತಮ್ಮನ ಹೆಂಡ್ತಿ ಯಾವಾಗ ಬರ್ತಾಳೆ?" ನಾನು "ಗಂಟೆ ಬಾರಿಸ್ತಿದಾಳೆ" ಎನ್ನುತ್ತೇನೆ. "ಎಷ್ಟ್ ಹೊತ್ತು ಬಾರಿಸ್ತಾಳವ್ವ" ಎಂದಳು ಮೊನ್ನೆ. ಇಲ್ಲಿಯ ಗಂಟೆಗೆ ಸುತ್ತಿಗೆ ಕಟ್ಟಿದ್ದಾರೆ, ತಾನಾಗಿ ಬಡಿದುಕೊಳ್ಳುತ್ತದೆ. ಅದಕ್ಕೆ ಮನುಷ್ಯರು ಬೇಕಾಗಿಲ್ಲ.

ಫೋನು ಮಾಡಬೇಡ. ಐವತ್ತು ವರ್ಷ ಗಂಟೆಯ ಕೆಳಗೆ ನಿಂತ ಕಿವಿ ಇದು, ನೀನು ಕೂಗುತ್ತೀಯ, ನಾನು ಊಹಿಸುತ್ತೇನೆ. ಬರೆ.

ಬೆರಿಲ್


ಥಾರ್ಸ್‌ಬಿ
17 ಮೇ 2020

ಪ್ರಿಯ ಬೆರಿಲ್,

ಈ ಸೋಂಕು ಬಂದ ಮೇಲೆ, ಮಾರ್ಚಿನಿಂದ, ಇಂಗ್ಲೆಂಡಿನ ಯಾವ ಗೋಪುರವೂ ಬಾಯಿ ಬಿಟ್ಟಿಲ್ಲ. ಯುದ್ಧದ ಕಾಲದಲ್ಲಿ ಬಿಟ್ಟರೆ ಹೀಗಾದದ್ದು ಈಗಲೇ ಎಂದು ನಾರ್ಮನ್ ಹೇಳುತ್ತಾನೆ, ಕಿಟಕಿಯ ಗಾಜಿನ ಒಳಗಿನಿಂದ. ಅವನ ಶ್ವಾಸಕೋಶ ಸರಿಯಿಲ್ಲ, ಹೊರಗೆ ಬರಬಾರದು. ದಿನಸಿಯನ್ನು ಬಾಗಿಲಲ್ಲಿಟ್ಟು ನಾನು ಗೇಟಿನ ಆಚೆ ನಿಲ್ಲುತ್ತೇನೆ. "ಹಗ್ಗ ಇಲಿ ಕಡಿದಾವು, ಹೋಗಿ ನೋಡು" ಎಂದು ಪ್ರತಿ ಸಲ ಹೇಳುತ್ತಾನೆ. ಹೋಗಿ ನೋಡುತ್ತೇನೆ. ಐದು ಹಗ್ಗ ನೇತಾಡುತ್ತಿರುತ್ತವೆ, ಆರನೆಯದು ಮೊಳೆಯಲ್ಲೇ ಇರುತ್ತದೆ, ನಾನು ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ವಿಲ್ಮಳಿಗೆ ಇಲ್ಲೇ ಇರಲು ಅನುಮತಿ ಸಿಕ್ಕಿತು. ಚೀಲ ತುಂಬ ಹಳೆಯ ಸಂಬಳದ ಚೀಟಿ ಕಳಿಸಿದ್ದಳು. ಬೇಲಿಯಾಚೆಯಿಂದ ನಗುತ್ತ ಅಂದಳು, "ನೋಡು ಲಿನೆಟ್, ನಂಗೆ ಇರಕ್ಕೆ ಕಾಗದ ಬೇಕು, ನಿಂಗೆ ಹೋಗಕ್ಕೆ ಕಾಗದ ಬೇಕು. ಮೊದ್ಲು ಇಬ್ರಿಗೂ ಕಾಲಿದ್ರೆ ಸಾಕಾಗಿತ್ತು." ನಾನೂ ನಕ್ಕೆ. ಮನೆಗೆ ಬಂದು ಚಹಾ ಮಾಡಿಕೊಂಡೆ, ಕುಡಿಯಲಾಗಲಿಲ್ಲ.

ಸದ್ಯ ವಿಮಾನಗಳಿಲ್ಲ, ನಿರ್ಧಾರವೂ ಬೇಕಿಲ್ಲ. ಅದು ಒಂದು ಬಗೆಯ ನೆಮ್ಮದಿ ಎಂದು ಬರೆದರೆ ನಿನಗೆ ಸಿಟ್ಟು ಬರುತ್ತದೆ, ಗೊತ್ತು.

ನಿನ್ನ ದನಿ ಕಾಗದದಲ್ಲೂ ಗಟ್ಟಿಯಾಗಿದೆ. ನಿನಗೇನು, ಬಿಸಿಲು, ಅಂಜೂರ, ಕೂಗಿದರೆ ಓಗೊಡುವ ನೆರೆಯವಳು. ನಿನ್ನನ್ನು ನೆನೆದು ಚಿಂತೆ ಮಾಡಬೇಕಾಗಿಲ್ಲ ಎನ್ನುವುದೇ ನನಗೊಂದು ಸಮಾಧಾನ.

ಲಿನೆಟ್


ಸೊಬ್ರೆಯಲ್
11 ಸೆಪ್ಟೆಂಬರ್ 2020

ಲಿನೆಟ್,

ನಿನ್ನ ಅಕ್ಷರ ಇರುವೆ ಸಾಲಿನ ಹಾಗೆ. ದೊಡ್ಡದಾಗಿ ಬರೆಯಲು ಏನು ಕಷ್ಟ? ಕಾಗದ ಉಳಿಸಿ ಯಾವ ಅರಮನೆ ಕಟ್ಟುತ್ತೀಯ.

ವಿಮಾನಗಳು ಓಡುತ್ತಿವೆ. ಅಂಜೂರ ನೆಲಕ್ಕೆ ಬಿದ್ದು ಕೊಳೆಯುತ್ತಿದೆ, ಈ ವರ್ಷ ನಾನು ಕೀಳಲಿಲ್ಲ, ಏಣಿ ಬೇಡವೆನಿಸಿತು. ಅಕ್ಟೋಬರಿನಲ್ಲಿ ಬಾ.

ಒಂದು ಮಾತು ಹೇಳುತ್ತೇನೆ. ಯುರೋಪಿನಲ್ಲಿ ಉಳಿಯಬೇಕೋ ಬಿಡಬೇಕೋ ಎಂದು 2016ರಲ್ಲಿ ದೇಶವನ್ನು ಕೇಳಿದಾಗ ನನ್ನ ಮತವನ್ನು ನಿನ್ನ ಕೈಗೆ ಕೊಟ್ಟೆ. ಪರವಾಗಿ ಹಾಕುವವರ ಹೆಸರು ಬರೆಯಿರಿ ಎಂದು ಅರ್ಜಿಯಲ್ಲಿ ಕೇಳಿದ್ದರು. ಕೀತ್ ಮರೆಗುಳಿ, ಅವನ ಹೆಸರು ಬರೆಯಲಿಲ್ಲ. ನಿನ್ನದು ಬರೆದೆ. ನೀನು ಮರುದಿನವೇ ಕಾರ್ಡು ಹಾಕಿದ್ದೆ, "ನಿನ್ನ ಚೀಟಿ ನೀನು ಹೇಳಿದ ಹಾಗೇ ಹಾಕಿದೆ" ಅಂತ. ಫಲಿತಾಂಶ ಬಂದ ದಿನ ಆ ಕಾರ್ಡನ್ನು ಕನ್ನಡಿಗೆ ಸಿಕ್ಕಿಸಿದೆ. ಸೋತರೂ ನಮ್ಮ ಮನೆಯಿಂದ ಮೂರು ಮತ ಸರಿಯಾಗಿ ಬಿದ್ದಿವೆ ಎಂದುಕೊಂಡೆ. ಈಗಲೂ ಅಲ್ಲೇ ಇದೆ.

ನಾವು ಮಾಡುವಷ್ಟು ಮಾಡಿದೆವು. ಉಳಿದದ್ದು ಇಷ್ಟೇ, ಬಾಗಿಲು ಮುಚ್ಚುವ ಮುಂಚೆ ಒಳಗೆ ಬರುವುದು. ಅದು ನಿನ್ನ ಕೈಯಲ್ಲಿದೆ, ದೇಶದ ಕೈಯಲ್ಲಲ್ಲ.

ಬೆರಿಲ್


ಥಾರ್ಸ್‌ಬಿ
15 ನವೆಂಬರ್ 2020

ಪ್ರಿಯ ಬೆರಿಲ್,

ಅಕ್ಟೋಬರ್ ಕಳೆದುಹೋಯಿತು. ಅದಕ್ಕೆ ಕಾರಣಗಳನ್ನು ಪಟ್ಟಿ ಮಾಡಿದ್ದೆ. ಓದಿ ನೋಡಿದರೆ ಯಾವುದೂ ಕಾರಣದ ಹಾಗೆ ಕಾಣಲಿಲ್ಲ, ಹರಿದೆ.

ಮಡಿದ ಸೈನಿಕರ ಭಾನುವಾರಕ್ಕೆ ಒಬ್ಬರು ಒಂದೇ ಗಂಟೆ ಬಾರಿಸಬಹುದು ಎಂದರು. ನಾರ್ಮನ್ ಕಿಟಕಿಯ ಹಿಂದಿನಿಂದ, "ದೊಡ್ಡದನ್ನೇ ಬಾರಿಸು" ಎಂದ.

"ಅದು ಕೀತ್‌ದು" ಎಂದೆ.

"ಅದು ಚರ್ಚಿಂದು. ಕೀತ್ ಬರೀ ಹಿಡ್ಕೊಂಡಿದ್ದ. ಹೋಗು, ಕೈ ಬಿಗಿ ಮಾಡ್ಬೇಡ, ಅವಳೇ ಎಳೀತಾಳೆ."

ಹೋದೆ. ಹಗ್ಗದ ಉಣ್ಣೆಯ ಹಿಡಿಯಲ್ಲಿ ಅವನ ಕೈ ತಾಗಿದ ಕಡೆ ಕೆಂಪು ಮಾಸಿ ಕಂದಾಗಿದೆ. ಆರು ಜನ ನಿಲ್ಲುವ ವೃತ್ತದಲ್ಲಿ ಒಬ್ಬಳೇ ನಿಂತು, ಯಾರಿಗೂ ಅಲ್ಲದೆ "ನೋಡ್ಕೊಳ್ಳಿ" ಎಂದೆ. ಒಂದು ಬಡಿತ, ಮತ್ತೆ ಉದ್ದದ ಮೌನ, ಮತ್ತೊಂದು ಬಡಿತ. ಕೆಳಗೆ ಬಂದಾಗ ರಸ್ತೆಯಲ್ಲಿ ವಿಲ್ಮ ಒಬ್ಬಳೇ ನಿಂತಿದ್ದಳು, ಕೆಲಸದ ಬೂಟಿನಲ್ಲಿ. "ಕೇಳಿಸ್ತು" ಎಂದಳು.

ಅವತ್ತು ಮನೆಗೆ ಬಂದವಳೇ ಟಿಕೆಟ್ ಕೊಂಡೆ. ಡಿಸೆಂಬರ್ 27, ಕ್ರಿಸ್ಮಸ್ಸಿಗೂ ಆ ಗಂಟೆ ಬಾರಿಸಿ, ನಡುವೆ ಒಂದು ದಿನ ಬಿಟ್ಟು. ನಾಲ್ಕು ದಿನ ಮೊದಲೇ ತಲುಪುತ್ತೇನೆ. ಮಲಗುವ ಕೋಣೆಯನ್ನು ಖಾಲಿ ಮಾಡುತ್ತಿದ್ದೇನೆ. ಕೀತ್‌ನ ಕೋಟು ನಾರ್ಮನ್‌ಗೆ ಸರಿಹೊಂದಿತು.

ಬರುತ್ತಿದ್ದೇನೆ, ಬೆರಿಲ್. ಕಿಟಕಿ ತೆಗೆದಿಡು.

ಲಿನೆಟ್


ಸೊಬ್ರೆಯಲ್
22 ಡಿಸೆಂಬರ್ 2020

ಲಿನೆಟ್,

ರೇಡಿಯೋದಲ್ಲಿ ಹೇಳಿದರು. ಇಂಗ್ಲೆಂಡಿನಲ್ಲಿ ಹೊಸ ಬಗೆಯ ಸೋಂಕಂತೆ, ಅಲ್ಲಿಂದ ಬರುವವರಲ್ಲಿ ಪೋರ್ಚುಗೀಸರು ಮತ್ತು ಆಗಲೇ ಇಲ್ಲಿ ವಾಸಕ್ಕಿರುವವರು ಮಾತ್ರ ಇಳಿಯಬಹುದು. ದೊನ ಲುಸಿಂಡ ಕಿವಿಯ ಹತ್ತಿರ ಮೂರು ಸಲ ಹೇಳಿದಳು. ಮೊದಲ ಸಲವೇ ಕೇಳಿಸಿತ್ತು.

ನಿನ್ನ ತಪ್ಪಲ್ಲ. ನಾಲ್ಕು ದಿನ ಸಾಕು ಎಂದು ನೀನು ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಹಾಸಿಗೆ ಹಾಸಿದ್ದೆ. ಹಾಗೇ ಇರಲಿ.

ಬೆರಿಲ್


ಥಾರ್ಸ್‌ಬಿ
10 ಜನವರಿ 2021

ಪ್ರಿಯ ಬೆರಿಲ್,

"ನಿನ್ನ ತಪ್ಪಲ್ಲ" ಎಂದು ಬರೆದಿದ್ದೀಯ. ಆ ಮಾತನ್ನು ಇಟ್ಟುಕೊಂಡು ನಾನು ಇರಲಾರೆ. ಇದು ಉದ್ದದ ಪತ್ರವಾಗುತ್ತದೆ.

ಮತ ಹಾಕಿದ ದಿನ ಗುರುವಾರ. ಶಾಲೆಯ ಅಡುಗೆಮನೆಯಿಂದ ನೇರವಾಗಿ ಹೋದೆ, ನಾಯಿಯೂ ಜೊತೆಗಿತ್ತು. ಊರ ಸಭಾಭವನದ ಬಾಗಿಲಲ್ಲಿ ವಿಲ್ಮ ಸಿಕ್ಕಿದಳು. ಅವಳಿಗೆ ಮತ ಇಲ್ಲ. "ಕೊಡು, ನಾಯಿ ಹಿಡ್ಕೊಂಡಿರ್ತೀನಿ, ನೀನು ಹೋಗಿ ಹಾಕ್ಬಾ" ಎಂದಳು. ಒಳಗೆ ಮೇಜಿನ ಹಿಂದೆ ಅಂಚೆಮನೆಯ ಪಾಲಿನ್ ನನ್ನ ಹೆಸರಿಗೆ ಗೆರೆ ಹಾಕಿದಳು, ಆಮೇಲೆ ನಿನ್ನ ಹೆಸರಿಗೆ. "ಎರಡೆರಡು ಚೀಟಿ, ದೊಡ್ಡಮನುಷ್ಯಳಾಗಿಬಿಟ್ಟೆ" ಎಂದಳು.

ಹಲಗೆಯ ಮರೆಯಲ್ಲಿ ದಾರ ಕಟ್ಟಿದ ಮೋಟು ಪೆನ್ಸಿಲು. ಮೊದಲು ನಿನ್ನದನ್ನು ಹಾಕಿದೆ. ಉಳಿಯಬೇಕು ಎಂಬಲ್ಲಿ, ನೀನು ಹೇಳಿದ ಹಾಗೇ. ಗುರುತು ಗಟ್ಟಿಯಾಗಿ ಬೀಳಲೆಂದು ಎರಡು ಸಲ ತಿದ್ದಿದೆ. ನನ್ನ ಚೀಟಿಯನ್ನು ಅದರ ಪಕ್ಕದಲ್ಲಿ ಇಟ್ಟುಕೊಂಡು ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಹೊರಹೋಗಬೇಕು ಎಂಬಲ್ಲಿ ಗುರುತು ಹಾಕಿದೆ.

ಡೆರೆಕ್ ಹೇಳುವ ಕಾರಣಗಳು ಯಾವುವೂ ನನ್ನವಲ್ಲ. ವಿಲ್ಮಳಂಥವರು ಬರಬಾರದು ಎಂದು ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. ಆದರೂ ಅವಳು ಹೊರಗೆ ನನ್ನ ನಾಯಿ ಹಿಡಿದು ನಿಂತಿದ್ದಾಗ ನಾನು ಒಳಗೆ ಅದನ್ನೇ ಮಾಡಿದೆ. ಮನಸ್ಸಿನಲ್ಲಿ ಏನಿತ್ತು ಎಂದು ಆ ಚೀಟಿ ಕೇಳುವುದಿಲ್ಲ.

ನನ್ನ ಕಾರಣ ಕೀತ್. ಅವನು ಆ ವರ್ಷವೆಲ್ಲ ನಿನ್ನ ಮನೆಯ ಕಿಟಕಿಯ ಮಾತೇ ಆಡುತ್ತಿದ್ದ. ನಾನು "ಹೂಂ" ಎನ್ನುತ್ತಿದ್ದೆ. ನನಗೆ ಹೋಗಲು ಮನಸ್ಸಿರಲಿಲ್ಲ. ಥಾರ್ಸ್‌ಬಿಯಲ್ಲಿ ಹುಟ್ಟಿದೆ, ಥಾರ್ಸ್‌ಬಿಯಲ್ಲಿ ಬೇಯಿಸಿದೆ. ಆ ವೃತ್ತದಲ್ಲಿ ಮೂರನೆಯವಳಾಗಿ ನಿಂತಾಗ ಮಾತ್ರ ನನ್ನ ಕೈಗೆ ಮುಂದೇನು ಎಂದು ಗೊತ್ತಿರುತ್ತದೆ. ಸುತ್ತಿಗೆಯ ಗಂಟೆಯ ಊರಿನಲ್ಲಿ ನಾನು ಯಾರು? ಇದನ್ನು ಕೀತ್‌ಗೆ ಹೇಳಬಹುದಿತ್ತು. ಅವನು ಬೇಜಾರು ಮಾಡಿಕೊಂಡು, ಒಂದು ವಾರ ತೋಟ ಅಗೆದು, ಸುಮ್ಮನಾಗುತ್ತಿದ್ದ. ಬಾಯಿ ಬರಲಿಲ್ಲ. ನಾನು ಹೇಳಲಾರದ "ಬೇಡ"ವನ್ನು ದೇಶದ ಬಾಯಿಂದ ಹೇಳಿಸಿದೆ. ಒಂದು ಮತದಿಂದ ಏನಾಗುತ್ತದೆ, ಹೇಗೂ ಉಳಿಯುವವರೇ ಗೆಲ್ಲುತ್ತಾರೆ ಎಂದೂ ಅಂದುಕೊಂಡಿದ್ದೆ. ಎರಡನ್ನೂ ಒಟ್ಟಿಗೆ ಅಂದುಕೊಂಡಿದ್ದೆ.

ನಿನಗೆ ಹಾಕಿದ ಕಾರ್ಡನ್ನು ಮತ್ತೊಮ್ಮೆ ನೋಡು. "ನಿನ್ನ ಚೀಟಿ" ಎಂದಷ್ಟೇ ಬರೆದಿದ್ದೇನೆ. ಸುಳ್ಳಿಲ್ಲದ ಹಾಗೆ ವಾಕ್ಯ ಕಟ್ಟಲು ಒಂದು ಸಂಜೆ ಹಿಡಿಯಿತು. ನಿನ್ನ ಮತವನ್ನು ನಿಯತ್ತಾಗಿ ಹಾಕಿದೆ, ನನ್ನದರಿಂದ ಅದನ್ನು ಹೊಡೆದುಹಾಕಿದೆ. ನಾವಿಬ್ಬರೂ ಅವತ್ತು ಮನೆಯಲ್ಲಿ ಕೂತಿದ್ದರೂ ಲೆಕ್ಕ ಒಂದೇ.

ಆಮೇಲೆ ಕೀತ್ "ಸ್ವಲ್ಪ ನೋಡೋಣ, ಏನಾಗ್ತದೋ" ಎಂದ. ನೋಡುತ್ತಲೇ ಇದ್ದ. ಮೂರು ವರ್ಷ ನೋಡಿ, ಹೂಕೋಸಿಗೆ ನೀರು ಹಾಕುವಾಗ ಬಿದ್ದ. ಆ ಕಿಟಕಿಯಲ್ಲಿ ಒಂದು ಬೇಸಿಗೆಯಾದರೂ ಕೂತಿರುತ್ತಿದ್ದ. ಅದು ನನ್ನ ಕೈಯಲ್ಲಿತ್ತು.

ಈಗ ಹೋಗಲು ಮನಸ್ಸಾಗಿದೆ, ಹೋಗುವ ಹಕ್ಕಿಲ್ಲ. ಕನ್ನಡಿಯ ಕಾರ್ಡನ್ನು ತೆಗೆದುಬಿಡು.

ಲಿನೆಟ್


ಥಾರ್ಸ್‌ಬಿ
20 ಜೂನ್ 2021

ಬೆರಿಲ್,

ಇದು ಬರೀ ಕಾರ್ಡು. ಐದು ತಿಂಗಳಿಂದ ನಿನ್ನ ಉತ್ತರವಿಲ್ಲ. ಕೀತ್‌ನ ಹಗ್ಗದ ಹಳೆಯ ಹಿಡಿಯನ್ನು ಬಿಚ್ಚಿ ನಿನಗೆ ಕಳಿಸಿದ್ದೆ. ಸುಂಕದವರು ಹಿಂದಕ್ಕೆ ಕಳಿಸಿದರು. ಚೀಟಿಯಲ್ಲಿ "ಉಣ್ಣೆ, ಬಳಸಿದ್ದು, ಬೆಲೆಯಿಲ್ಲ" ಎಂದು ಬರೆದಿದ್ದೆ. ಬೆಲೆಯಿಲ್ಲದ್ದನ್ನು ಒಳಗೆ ಬಿಡುವುದಿಲ್ಲವಂತೆ. ಜನವರಿಯ ಪತ್ರ ತಲುಪಿತೇ? ತಲುಪಿ ಸುಮ್ಮನಿದ್ದರೆ, ಅದೂ ನ್ಯಾಯವೇ.

ಲಿ.


ಸೊಬ್ರೆಯಲ್
3 ಆಗಸ್ಟ್ 2021

ಲಿನೆಟ್,

ಹಲಗೆಗೆ ಸಾಲಾಗಿ ದಾರ ಕಟ್ಟಿ, ದಾರದ ಮೇಲೆ ಬೆರಳಿಟ್ಟು ಬರೆಯುತ್ತಿದ್ದೇನೆ. ವಕ್ರವಾದರೆ ದಾರದ ತಪ್ಪು.

ನನ್ನ ಕಣ್ಣು ಹೋಗಿದೆ. ಪೂರ್ತಿ ಅಲ್ಲ. ನಡುವಿನದು ಹೋಗಿ ಅಂಚು ಉಳಿದಿದೆ. ದೊನ ಲುಸಿಂಡಳ ಕಿವಿಯೋಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಎರಡು ವರ್ಷವಾಯಿತು. ದಪ್ಪ ಪೆನ್ನು ಅದಕ್ಕೇ, ಕೆಳಗೆ ಮಲಗುವುದೂ ಅದಕ್ಕೇ. ಹೇಳಿದರೆ ನೀನು ಕರುಣೆಯಿಂದ ಓಡಿಬರುತ್ತೀಯ ಎಂದು ಹೇಳಲಿಲ್ಲ. ಕೋಣೆಗಾಗಿ ಬಾ, ಕಿಟಕಿಗಾಗಿ ಬಾ, ಹೆಣಗುವ ಮುದುಕಿಗಾಗಿ ಬೇಡ ಎಂದಿತ್ತು. ಜಂಬ. ಆ ಜಂಬಕ್ಕೆ ಒಂದು ಅಕ್ಟೋಬರ್ ಕೊಟ್ಟೆ. ನಿಜ ಬರೆದಿದ್ದರೆ ನೀನು ಅಕ್ಟೋಬರಿನಲ್ಲೇ ಬಂದಿರುತ್ತಿದ್ದೆ, ಅಲ್ಲವೇ? ಅದನ್ನು ಯೋಚಿಸುತ್ತಾ ಈ ವರ್ಷ ಕಳೆದೆ.

ನಿನ್ನ ಪತ್ರಗಳನ್ನೆಲ್ಲ ಶಾಲೆಯ ಟೀಚರ್ ಇನೇಸ್ ಓದಿ ಹೇಳುತ್ತಿದ್ದಳು. ಜನವರಿಯಲ್ಲಿ ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ನಿನ್ನ ಕಾರ್ಡನ್ನು ಅಂಚೆಯ ಆದೆಲಿನು ಓದಿದ. ಅವನಿಗೆ ಇಂಗ್ಲಿಷ್ ಬಾರದು, ಅಕ್ಷರ ಬರುತ್ತದೆ. ಒಂದೊಂದೇ ಅಕ್ಷರ ಕೂಗಿದ, ನಾನು ಜೋಡಿಸಿಕೊಂಡೆ. ಬೆಳಗಿನ ಬಟವಾಡೆ ಮಧ್ಯಾಹ್ನಕ್ಕೆ ಹೋಯಿತು. "ಇವಳಿಗೆ ಹೇಳಮ್ಮ, ಇನ್ಮೇಲೆ ಚಿಕ್ ಚಿಕ್ ಪದ ಬರೀಲಿ" ಎಂದ.

ಜನವರಿಯ ಪತ್ರ ಬಂದಿದೆ. ಎಂಟು ಪುಟ. ಭೂತಗನ್ನಡಿ ಹಿಡಿದು ಓರೆಯಾಗಿ ನೋಡಿದಾಗ ಒಂದು ಕಡೆ ಕೀತ್‌ನ ಹೆಸರು ಸಿಕ್ಕಿತು, ಇನ್ನೊಂದು ಕಡೆ "ಬಾಯಿ ಬರಲಿಲ್ಲ" ಎಂಬುದು ಸಿಕ್ಕಿತು. ಅದು ಬೇರೆಯವರ ಬಾಯಲ್ಲಿ ಕೇಳುವ ಪತ್ರವಲ್ಲ ಎಂದು ತಿಳಿಯಿತು. ಮಡಚಿ ಕನ್ನಡಿಯ ಹಿಂದೆ ಇಟ್ಟಿದ್ದೇನೆ. ಅದರಲ್ಲಿ ಏನಿತ್ತು?

ನೀನು ನನ್ನನ್ನು ಊರಿಗೆ ಬಾ ಎನ್ನಬಹುದು. ಬರುವುದಿಲ್ಲ. ಈ ಮನೆಯ ಮೆಟ್ಟಿಲುಗಳ ಲೆಕ್ಕ ನನಗಿದೆ. ಅಲ್ಲಿ ನಾನು ಕುರುಡಿ, ಇಲ್ಲಿ ಬೆರಿಲ್.

ಬೆರಿಲ್


ಥಾರ್ಸ್‌ಬಿ
5 ಸೆಪ್ಟೆಂಬರ್ 2021, ಭಾನುವಾರ

ಬೆರಿಲ್,

ಕಪ್ಪು ಮಾರ್ಕರಿನಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಒಂದೆರಡು ಸಾಲು. ಓರೆಯಾಗಿ ನೋಡು.

ಮೊದಲು ಬೇರೆ ಪತ್ರ ಬರೆದಿದ್ದೆ. "ಜನವರಿಯದರಲ್ಲಿ ವಿಶೇಷವೇನಿಲ್ಲ" ಎಂದು. ಒಲೆಗೆ ಹಾಕಿದೆ.

ನಿನ್ನ ಮತ ನೀನು ಹೇಳಿದ ಹಾಗೆ ಹಾಕಿದೆ.

ನನ್ನದನ್ನು ಅದಕ್ಕೆ ಎದುರಾಗಿ ಹಾಕಿದೆ.

ಕೀತ್‌ಗೆ ಬೇಡ ಎನ್ನಲು ಹೆದರಿ.

ಕೀತ್‌ಗೆ ಹೇಳಲೇ ಇಲ್ಲ. ಮೊನ್ನೆ ವಿಲ್ಮಳಿಗೆ ಹೇಳಿದೆ.

ಅವಳು ಕೇಳಿ, "ನಾಯಿ ಅವತ್ತು ನನ್ನ ಬೂಟು ಕಚ್ಚಿತ್ತು, ಗೊತ್ತಾ" ಎಂದಳು. ಆದರೂ ಗುರುವಾರ ಅಭ್ಯಾಸಕ್ಕೆ ಬಂದಳು.

ಹೌದು. ನಿಜ ಬರೆದಿದ್ದರೆ ಅಕ್ಟೋಬರಿನಲ್ಲೇ ಬರುತ್ತಿದ್ದೆ.

ಅಥವಾ ಬರುತ್ತಿದ್ದೆ ಎಂದು ಈಗ ನಂಬುತ್ತೇನೆ.

ವಾಸಕ್ಕೆ ಬರಲಾರೆ. ಈ ತಿಂಗಳ 21ಕ್ಕೆ ಬರುತ್ತೇನೆ, ತೊಂಬತ್ತು ದಿನಕ್ಕೆ. ಶಾಲೆಯಲ್ಲಿ ಹೇಳಿದ್ದೇನೆ. ಕ್ರಿಸ್ಮಸ್ಸಿಗೆ ಹಿಂದಕ್ಕೆ. ಮತ್ತೆ ತೊಂಬತ್ತು ಕಳೆದು, ಮತ್ತೆ.

ಎಂಟು ಪುಟವನ್ನೂ ನಾನೇ ಓದುತ್ತೇನೆ. ನಿನಗೆ ಕೇಳಿಸಬೇಕಾದರೆ ಕೂಗಬೇಕು. ದೊನ ಲುಸಿಂಡಳಿಗೆ ಇಂಗ್ಲಿಷ್ ಬಾರದಿರುವುದು ನನ್ನ ಪುಣ್ಯ.

ಕೇಳಿದ ಮೇಲೆ ಹೋಗು ಎಂದರೆ ಮರುದಿನವೇ ಹೋಗುತ್ತೇನೆ.

ಹಗ್ಗದ ಹಿಡಿಯನ್ನು ಕೈಚೀಲದಲ್ಲಿ ತರುತ್ತಿದ್ದೇನೆ. ಯಾರ ಚೀಟಿಯೂ ಇಲ್ಲದೆ.

ಈ ಪತ್ರವನ್ನು ಪೆಟ್ಟಿಗೆಗೆ ಹಾಕಿದ ಮೇಲೆ ಮತ್ತೆ ಹಿಡಿಯಲಾಗುವುದಿಲ್ಲ.

ನೋಡ್ಕೊಳ್ಳಿ.

ಹೊರಟಳು.

ಹೋದಳು.